ಬೇನೆಗೆ ಕಥೆಯಿಲ್ಲ

ಕಥೆಗಳಲ್ಲಿ ಕಾಯಿಲೆಗೆ ಸಾಮಾನ್ಯವಾಗಿ ಎರಡೇ ದಾರಿ: ರೋಗಿ ಗುಣವಾಗಬೇಕು, ಇಲ್ಲವೇ ಸಾಯಬೇಕು. ಎರಡೂ ಆಗದೆ ವರ್ಷಗಟ್ಟಲೆ ನೋಯುತ್ತಲೇ ಬದುಕುವವರನ್ನು ಕಥೆ ಏನು ಮಾಡಬೇಕು? 3 ತಿಂಗಳು ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ‘ದೀರ್ಘಕಾಲಿಕ ನೋವು’ ಎನ್ನುತ್ತಾರೆ. ಅದರಲ್ಲಿ ಕಥೆಗೆ ಬೇಕಾದ ತಿರುವಿಲ್ಲ, ಮುಕ್ತಾಯವಿಲ್ಲ.

ಈ ಪ್ರಶ್ನೆ ಇಟ್ಟುಕೊಂಡೇ ಫ್ರೆಂಚ್ ಕಾದಂಬರಿಕಾರ ಅಲ್ಫೋನ್ಸ್ ದೋದೆಯ ಟಿಪ್ಪಣಿಗಳನ್ನು ಓದಿದೆ. ಸಿಫಿಲಿಸ್ ಬೆನ್ನುಹುರಿಗೆ ತಗುಲಿ ವರ್ಷಗಳ ಕಾಲ ನರಳಿದ ದೋದೆ 1897ರಲ್ಲಿ ತೀರಿಕೊಂಡ. ಟಿಪ್ಪಣಿಗಳು ‘ಲಾ ದುಲು’ ಎಂಬ ಹೆಸರಿನಲ್ಲಿ ಪುಸ್ತಕವಾದದ್ದು ಮೂರು ದಶಕಗಳ ನಂತರ. 2002ರಲ್ಲಿ ಜೂಲಿಯನ್ ಬಾರ್ನ್ಸ್ ಅವುಗಳನ್ನು ಇಂಗ್ಲಿಷಿಗೆ ತಂದರು.

ಇಲ್ಲಿರುವುದು ಬಿಡಿ ಸಾಲುಗಳು, ತುಂಡು ವಾಕ್ಯಗಳು. ನಿದ್ದೆಗೆಟ್ಟ ರಾತ್ರಿ, ನೋವು ತಗ್ಗಿಸುವ ಔಷಧಿ, ಲಾಮಲೂ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಕಂಡ ಸಹರೋಗಿಗಳು. ಇದನ್ನು ಅಪೂರ್ಣ ಕೃತಿ ಎನ್ನಬಹುದು. ನನಗೆ ಹಾಗನ್ನಿಸಲಿಲ್ಲ. ನೋವು ಕೊಟ್ಟ ಬಿಡುವು ಎಷ್ಟೋ ವಾಕ್ಯದ ಉದ್ದವೂ ಅಷ್ಟೇ ಎಂಬಂತೆ ಈ ಬರಹವಿದೆ. ಅದೇ ಮಾತು ಮತ್ತೆ ಬಂದರೆ, ಅದೇ ನೋವು ಮತ್ತೆ ಬಂದಿದೆ ಎಂದರ್ಥ.

ನೋವು ಭಾಷೆಯನ್ನೇ ನಾಶಮಾಡುತ್ತದೆ ಎಂದು ಎಲೈನ್ ಸ್ಕ್ಯಾರಿ ‘ದಿ ಬಾಡಿ ಇನ್ ಪೇನ್’ (1985) ಪುಸ್ತಕದಲ್ಲಿ ವಾದಿಸುತ್ತಾರೆ. ಅವರು ಮುಖ್ಯವಾಗಿ ಚರ್ಚಿಸುವ ಚಿತ್ರಹಿಂಸೆ, ಯುದ್ಧಗಳ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ಆದರೆ ದಿನನಿತ್ಯದ ನೋವಿಗೆ ಮಾತಿನ ಬರವಿಲ್ಲ. ಕನ್ನಡವನ್ನೇ ನೋಡಿ: ಸೆಳೆತ, ಚಳುಕು, ಉರಿ, ಜೋಮು, ಸಿಡಿತ. ಬರವಿರುವುದು ಕೇಳುವ ಕಿವಿಗೆ. ಮೊದಲ ವಾರ ‘ಈಗ ಹೇಗಿದೆ?’ ಎಂದವರು ಮೂರನೇ ವರ್ಷ ‘ಇನ್ನೂ ಇದೆಯಾ?’ ಎನ್ನುತ್ತಾರೆ. ಆ ‘ಇನ್ನೂ’ ಎಂಬುದರಲ್ಲಿ ಬೇಸರವಿದೆ, ತುಸು ಅನುಮಾನವೂ ಇದೆ. ಗಾಯ ಕಣ್ಣಿಗೆ ಕಾಣದಿದ್ದರಂತೂ ಅನುಮಾನವೇ ಹೆಚ್ಚು. ಕ್ರಮೇಣ ನೋಯುವವರು ‘ಪರವಾಗಿಲ್ಲ’ ಎನ್ನುವುದನ್ನು ರೂಢಿಸಿಕೊಳ್ಳುತ್ತಾರೆ.

ಬಾರ್ನ್ಸ್ ಅನುವಾದದ ಬಗ್ಗೆ ನನ್ನದೊಂದೇ ತಕರಾರು. ‘ಇನ್ ದಿ ಲ್ಯಾಂಡ್ ಆಫ್ ಪೇನ್’ ಎಂಬ ಶೀರ್ಷಿಕೆ ನೋವನ್ನು ಒಂದು ನಾಡಾಗಿಸುತ್ತದೆ. ನಾಡಾದರೆ ಹೋಗಿ ಬರಬಹುದು. ದೋದೆ ಆರಿಸಿಕೊಂಡದ್ದು ದಕ್ಷಿಣ ಫ್ರಾನ್ಸಿನ ತನ್ನ ಸೀಮೆಯ ಪ್ರೊವೆನ್ಸಾಲ್ ನುಡಿಯ ಪದ. ಅದರ ಅರ್ಥ ಬರಿಯ ‘ನೋವು’. ಯಾರಾದರೂ ಕನ್ನಡಕ್ಕೆ ತರುವುದಾದರೆ ಉತ್ತರ ಕರ್ನಾಟಕದ ಮನೆಮಾತಿನಲ್ಲಿ ‘ಬ್ಯಾನಿ’ ಎಂದೇ ಕರೆಯಲಿ.

ಈ ಪುಸ್ತಕ ಕೈಗೆ ಸಿಕ್ಕರೆ, ‘ಇದನ್ನೇ ಆಗಲೇ ಹೇಳಿದ್ದನಲ್ಲ’ ಎನಿಸುವ ಪುಟಗಳನ್ನು ಹಾರಿಸಬೇಡಿ. ಮನೆಯಲ್ಲಿ ಒಬ್ಬರ ಮಾತನ್ನು ನಾವು ಅರ್ಧಕ್ಕೇ ಕೇಳಿ ಎದ್ದುಹೋಗುವುದು ಅಂಥ ಪುಟಗಳಲ್ಲೇ.