ಅಥಣಿಯ ಜಡೆ, ಮಿಲಾನಿನ ವೇದಿಕೆ

ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗದ ಸಮಗಾರರೂ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು ರಸದಲ್ಲಿ ಹದಗೊಳಿಸಿದ, ಎಂದರೆ ಕೊಳೆಯದಂತೆ ಪಕ್ವಗೊಳಿಸಿದ, ಎಮ್ಮೆ ತೊಗಲಿನಿಂದ ಅಟ್ಟೆಯನ್ನು ಕತ್ತರಿಸಿ, ಮೊಳೆಯ ಹಂಗಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿದು, ಮೇಲಿನ ಪಟ್ಟಿಗೆ ನವಿರಾದ ಜಡೆಯನ್ನು ಕೂಡಿಸುವ ಈ ಕಸುಬಿನಲ್ಲಿ ಹೆಣಿಗೆಯ ಸೂಕ್ಷ್ಮ ಕೆಲಸ ಹೆಚ್ಚಾಗಿ ಹೆಂಗಸರದು. ಚಪ್ಪಲಿಯ ಅಂದವನ್ನು ಹೊಗಳುವಾಗ ಅವರನ್ನು ನೆನೆಯುವವರು ಕಡಿಮೆ.

ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ, ಅಂದರೆ ಹುಟ್ಟಿದ ನೆಲವನ್ನು ಕಾನೂನು ಗುರುತಿಸುವ ಮಾನ್ಯತೆ, ಮಹಾರಾಷ್ಟ್ರ ಮತ್ತು ಕರ್ನಾಟಕದ ತಲಾ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ದೊರೆತಿದ್ದು, ಅಥಣಿ ಮೊದಲಾದ ಊರುಗಳಿರುವ ಬೆಳಗಾವಿ ಅವುಗಳಲ್ಲೊಂದು. ಹಾಗಿದ್ದರೂ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಇದನ್ನೇ ಹೋಲುವ ಪಾದರಕ್ಷೆಯನ್ನು ಮೂಲದ ಹೆಸರೆತ್ತದೆ ಮಿಲಾನ್ ನಗರದಲ್ಲಿ ಪ್ರದರ್ಶಿಸಿತು. ಮೊಬೈಲುಗಳಲ್ಲಿ ಹರಿದಾಡಿದ ಚಿತ್ರಗಳಿಂದ ಆಕ್ಷೇಪ ಎದ್ದ ಮೇಲೆ ಭಾರತೀಯ ಕುಶಲಕಲೆಯ ಪ್ರೇರಣೆಯನ್ನು ಒಪ್ಪಿಕೊಂಡಿತು. ಕ್ಯಾಮೆರಾ ಹಿಡಿದೊಡನೆ ತಯಾರಕರ ವಿವರ ತೋರಿಸುವ ಕ್ಯೂಆರ್ ಕೋಡ್ ಎಂಬ ಚೌಕಾಕಾರದ ಗುರುತೂ ಈಗ ಕೊಲ್ಹಾಪುರಿ ಚಪ್ಪಲಿಯ ಜೊತೆ ಬರತೊಡಗಿದೆ. ನಕಲನ್ನು ತಡೆಯಲು ಅದು ಒಳ್ಳೆಯ ಉಪಾಯವೇ. ಆದರೆ ಜಡೆ ಹೆಣೆದವಳ ಕೂಲಿಯನ್ನು ಅದು ತಾನಾಗಿ ಹೆಚ್ಚಿಸಲಾರದು. ಕೊಳ್ಳುವವರು ಗುರುತಿನ ಜೊತೆಗೆ ಅಟ್ಟೆಯಂಚಿನ ಹೊಲಿಗೆಯನ್ನೂ ನೋಡಿ, ಚೌಕಾಸಿಯಿಲ್ಲದೆ ಬೆಲೆ ಕೊಡಬೇಕು.