ವೈರಸ್ ಏನನ್ನೂ 'ಬೆಳೆಸಿಕೊಳ್ಳುವುದಿಲ್ಲ'

ಬೇಸಿಗೆಯಲ್ಲಿ ಹೊಸಕೋಟೆ, ದೇವನಹಳ್ಳಿ ಕಡೆಯ ಟೊಮೇಟೊ ತೋಟಗಳನ್ನು ಒಮ್ಮೆ ನೋಡಿ ಬನ್ನಿ. ಎಲೆಗಳು ಮುದುಡಿ, ಗಿಡ ಕುಳ್ಳಾಗಿ, ಕಾಯಿ ಕಚ್ಚದೆ ನಿಂತ ಸಾಲುಗಳು ನಿಮಗೆ ಕಾಣಸಿಗಬಹುದು. 'ವೈರಸ್ ಬಂದಿದೆ ಸಾರ್, ಎಷ್ಟು ಔಷಧಿ ಹೊಡೆದರೂ ನಾಟುತ್ತಿಲ್ಲ. ಅದಕ್ಕೆ ಔಷಧಿ ಅಭ್ಯಾಸವಾಗಿಬಿಟ್ಟಿದೆ' ಎಂಬುದು ಅಲ್ಲಿ ಕೇಳಿಬರುವ ಮಾತು. ರೈತರು ಹೀಗೆನ್ನುವುದನ್ನು ತಪ್ಪೆಣಿಸಬೇಕಾಗಿಲ್ಲ. ಅದನ್ನೇ ನಾಲ್ಕು ಸಂಸ್ಕೃತ ಪದ ಸೇರಿಸಿ ವಿಜ್ಞಾನ ಲೇಖನಗಳಲ್ಲೂ ಪಾಠದ ಟಿಪ್ಪಣಿಗಳಲ್ಲೂ ಬರೆಯುವ ನಮ್ಮದು ತಪ್ಪು.

ಮೊದಲು ಆ 'ಔಷಧಿ' ಯಾವುದೆಂದು ನೋಡೋಣ. ಎಲೆ ಮುಟುರು ರೋಗದ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ರೈತರು ಸಿಂಪಡಿಸುವುದು ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವ ಬಿಳಿನೊಣದ ಮೇಲಿನ ಕೀಟನಾಶಕ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳನ್ನು ತಾಳಿಕೊಳ್ಳುವ ಬಿಳಿನೊಣಗಳು ಹಲವು ದೇಶಗಳಲ್ಲಿ, ಭಾರತದಲ್ಲಿಯೂ, ವರದಿಯಾಗಿವೆ. ಅಂದರೆ ಔಷಧಿ ನಾಟದೆ ಹೋದದ್ದು ನೊಣಕ್ಕೆ, ವೈರಸ್ಸಿಗಲ್ಲ. ಗಿಡದ ರೋಗನಿರೋಧ, ನೊಣದ ಕೀಟನಾಶಕ ನಿರೋಧ, ವೈರಸ್ಸಿನ ಔಷಧಿ ನಿರೋಧ – ಈ ಮೂರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ವಿದ್ಯಾರ್ಥಿ ಗೊಂದಲಕ್ಕೆ ಬೀಳದೆ ಇನ್ನೇನು ಮಾಡಿಯಾನು? ರೈತ ಮಾತ್ರ ಇನ್ನೊಂದು ಬಾಟಲಿ ಕೊಳ್ಳುತ್ತಾನೆ.

ಎರಡನೆಯ ದೋಷ ಕನ್ನಡದ ಒಂದು ಪ್ರತ್ಯಯದಲ್ಲಿ ಅಡಗಿದೆ. 'ವೈರಸ್ ತನ್ನನ್ನು ಬದಲಾಯಿಸಿಕೊಳ್ಳುತ್ತದೆ', 'ನಿರೋಧಕತೆ ಬೆಳೆಸಿಕೊಳ್ಳುತ್ತದೆ' ಎಂದು ಎಷ್ಟು ಸಲೀಸಾಗಿ ಬರೆಯುತ್ತೇವೆ! 'ಕೊಳ್ಳು' ಬಂದೊಡನೆ ವೈರಸ್ಸಿಗೆ ಉದ್ದೇಶವೊಂದು ಅಂಟಿಕೊಳ್ಳುತ್ತದೆ. ಔಷಧಿಯನ್ನು ಕಂಡು ಅದು ಉಪಾಯ ಹುಡುಕಿತು ಎಂಬ ಚಿತ್ರ ಮೂಡುತ್ತದೆ. ನಡೆಯುವುದು ಇದಕ್ಕೆ ತಿರುಗುಮುರುಗು.

ಔಷಧಿ ನಿಜವಾಗಿ ಇರುವ ಎಚ್‌ಐವಿಯನ್ನೇ ತೆಗೆದುಕೊಳ್ಳಿ. ಅದರ ಜೀನೋಮಿನಲ್ಲಿ ಸುಮಾರು 9,700 ಅಕ್ಷರಗಳಿವೆ. ನಕಲು ಮಾಡುವ ಕಿಣ್ವ ಸುಮಾರು 30,000 ಅಕ್ಷರಗಳಿಗೆ ಒಂದರಂತೆ ತಪ್ಪುತ್ತದೆ. ಎಂದರೆ ಮೂರು ಪ್ರತಿಗಳಲ್ಲಿ ಹೆಚ್ಚುಕಡಿಮೆ ಒಂದು ತಪ್ಪು. ಚಿಕಿತ್ಸೆ ಇಲ್ಲದ ರೋಗಿಯ ದೇಹದಲ್ಲಿ ದಿನಕ್ಕೆ ಸುಮಾರು 1000 ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಒಂದೊಂದು ಅಕ್ಷರವೂ ಬೇರೆ ಮೂರರಲ್ಲಿ ಒಂದಾಗಬಹುದಾದ್ದರಿಂದ, ಸಾಧ್ಯವಿರುವ ಒಂಟಿ ಬದಲಾವಣೆಗಳು ಕೇವಲ 29,000ದಷ್ಟು. ಲೆಕ್ಕ ಹಾಕಿ ನೋಡಿ: ಲ್ಯಾಮಿವುಡಿನ್ ಔಷಧಿಯಿಂದ ಪಾರಾಗಲು ಬೇಕಾದ ಒಂದು ಅಕ್ಷರದ ಬದಲಾವಣೆ, ರೋಗಿ ಮೊದಲ ಮಾತ್ರೆ ನುಂಗುವ ಮುನ್ನವೇ ಅವನೊಳಗೆ ಎಲ್ಲೋ ಇರುತ್ತದೆ. ಮಾತ್ರೆ ಅದನ್ನು ಸೃಷ್ಟಿಸುವುದಿಲ್ಲ. ಉಳಿದವನ್ನು ಅಳಿಸಿ ಅದಕ್ಕೆ ಜಾಗ ಮಾಡಿಕೊಡುತ್ತದೆ, ಅಷ್ಟೆ. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ 2004ರಲ್ಲಿ ಆರಂಭವಾದ ಉಚಿತ ಚಿಕಿತ್ಸೆಯಲ್ಲಿ ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟದ್ದು ಇದೇ ಲೆಕ್ಕದಿಂದ. ಮೂರರಿಂದಲೂ ತಪ್ಪಿಸಿಕೊಳ್ಳುವ ಬದಲಾವಣೆಗಳು ಒಂದೇ ಪ್ರತಿಯಲ್ಲಿ ಕೂಡಿ ಬರುವುದು ಅತಿ ವಿರಳ. ಮಾತ್ರೆ ತಪ್ಪಿಸಿದರೆ ಏಕೆ ಅಪಾಯವೆಂಬುದನ್ನು 'ಅಭ್ಯಾಸವಾಗುತ್ತದೆ' ಎಂಬ ವಿವರಣೆ ಹೇಳಲಾರದು. ಈ ಗುಣಾಕಾರ ಹೇಳುತ್ತದೆ.

ಇನ್ನು ಟೊಮೇಟೊಗೆ ಮರಳೋಣ. 'ಆರ್‌ಎನ್‌ಎ ವೈರಸ್ ಬದಲಾಗುತ್ತದೆ, ಡಿಎನ್‌ಎ ವೈರಸ್ ಸ್ಥಿರ' ಎಂದು ಟಿಪ್ಪಣಿ ಬರೆಸುವ ಅಧ್ಯಾಪಕರು ನಮ್ಮೂರಿನ ಹೆಸರು ಹೊತ್ತ 'ಟೊಮೇಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್' ಕಡೆ ಗಮನ ಹರಿಸಬೇಕು. ಸುಮಾರು 2,700 ಅಕ್ಷರಗಳ, ಒಂಟಿ ಎಳೆಯ, ಉಂಗುರಾಕಾರದ ಡಿಎನ್‌ಎ ಅದು. ಈ ಗುಂಪಿನ ವೈರಸ್‌ಗಳು ಬದಲಾಗುವ ವೇಗ ಹಲವು ಆರ್‌ಎನ್‌ಎ ವೈರಸ್‌ಗಳಿಗೆ ಸಮೀಪವಾಗಿದೆ. ಜೊತೆಗೆ, ಒಂದೇ ಗಿಡಕ್ಕೆ ಎರಡು ಬಗೆಯ ವೈರಸ್ ಸೇರಿದರೆ ಅವುಗಳ ಡಿಎನ್‌ಎ ತುಂಡುಗಳು ಅದಲುಬದಲಾಗಿ ಮೂರನೆಯದೊಂದು ಹುಟ್ಟಬಹುದು. ಹೀಗೆ ಬೆರೆಸುವ ಅವಕಾಶ ಒದಗಿಸುವುದೂ ಬಿಳಿನೊಣವೇ. ಅದರ 'ಬಿ' ಬಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದು ಹೊಸಕೋಟೆಯ ನೆರೆಯ ಕೋಲಾರದಲ್ಲಿ, 1999ರಲ್ಲಿ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 2000ರ ದಶಕದ ಆರಂಭದಲ್ಲಿ ಸಂಕ್ರಾಂತಿ, ನಂದಿ, ವೈಭವ್ ಎಂಬ ನಿರೋಧಕ ತಳಿಗಳನ್ನು ಕೊಟ್ಟಿತು. ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ಆಮೇಲೆ ಬಂತು. ಇವು ದೊಡ್ಡ ಕೆಲಸಗಳೇ. ಆದರೆ 'ನಿರೋಧಕ ತಳಿಗೆ ವೈರಸ್ ಬರುವುದೇ ಇಲ್ಲ' ಎಂಬ ಪ್ರಚಾರವನ್ನು ಒಪ್ಪಲಾಗದು. ಕಾಡು ಟೊಮೇಟೊದಿಂದ ತಂದ ಟಿವೈ-2 ಜೀನ್ ಬ್ಯಾಂಗಲೋರ್ ವೈರಸ್ಸನ್ನು ತಡೆದರೂ ಎರಡು ಡಿಎನ್‌ಎ ಉಂಗುರಗಳಿರುವ ನ್ಯೂಡೆಲ್ಲಿ ವೈರಸ್ಸಿನೆದುರು ಸೋಲುತ್ತದೆ. ಆದ್ದರಿಂದಲೇ ತಳಿ ವಿಜ್ಞಾನಿಗಳು ಟಿವೈ-2, ಟಿವೈ-3 ಎರಡನ್ನೂ ಒಂದೇ ಗಿಡದಲ್ಲಿ ಸೇರಿಸಿದ್ದು – ಎಚ್‌ಐವಿಗೆ ಮೂರು ಮಾತ್ರೆ ಕೊಟ್ಟಂತೆಯೇ.

ತರಗತಿಯಲ್ಲಿ ನೀವು 'ಬೆಳೆಸಿಕೊಂಡಿತು' ಎನ್ನುವಲ್ಲೆಲ್ಲ 'ಇದ್ದದ್ದು ಉಳಿಯಿತು' ಎಂದು ಹೇಳಿ ನೋಡಿ. ಆಮೇಲೆ ಮಕ್ಕಳನ್ನು ಸಸಿಮಡಿಯ ಹತ್ತಿರ ಕರೆದುಕೊಂಡು ಹೋಗಿ, ಅದಕ್ಕೆ ಹೊದಿಸಿದ ನೈಲಾನ್ ಪರದೆ ತಡೆಯುವುದು ವೈರಸ್ಸನ್ನೋ, ನೊಣವನ್ನೋ ಎಂದು ಕೇಳಿ.