ವೈರಾಣುವಿನ ಪ್ರೋಟೀನು ನಿರ್ಮಾಣದಲ್ಲಿ ಕರ್ತೃವಿಚಾರ

ರೋಗಶಾಸ್ತ್ರವನ್ನು ಕುರಿತ ಕನ್ನಡ ಬರಹಗಳಲ್ಲಿ ‘ವೈರಾಣುವು ಜೀವಕೋಶವನ್ನು ಹೊಕ್ಕು ತನ್ನ ಪ್ರೋಟೀನುಗಳನ್ನು ಮಾಡುತ್ತದೆ’ ಎಂಬ ಪ್ರಯೋಗವು ಹೇರಳವಾಗಿ ಕಂಡುಬರುತ್ತದೆ. ವಾಕ್ಯವು ಸುಗಮವಾಗಿಯೇ ಇದೆ. ಆದರೆ ವಿಚಾರಿಸಿ ನೋಡಿದರೆ ಅದರ ಕರ್ತೃಪದವು ತನ್ನ ಸ್ಥಾನದಲ್ಲಿಲ್ಲ. ಕ್ರಿಯೆಯಲ್ಲಿ ಸ್ವತಂತ್ರವಾದುದು ಕರ್ತೃವೆಂದೂ ಅದನ್ನು ಪ್ರೇರಿಸುವುದು ಪ್ರಯೋಜಕಕರ್ತೃವೆಂದೂ ವೈಯಾಕರಣರ ಮತವಷ್ಟೆ. ಈ ಭೇದವನ್ನು ಮರೆತುದರ ಫಲವು ವ್ಯಾಕರಣದಲ್ಲಿಯೇ ನಿಲ್ಲದೆ ಔಷಧವಿಚಾರದವರೆಗೂ ಹಬ್ಬುತ್ತದೆ.

ಪ್ರೋಟೀನೆಂಬುದು ಅಮೈನೊ ಆಮ್ಲಗಳ ಸರ. ಅದನ್ನು ಪೋಣಿಸುವುದು ರೈಬೋಸೋಮು. ಪೋಣಿಸಬೇಕಾದ ಕ್ರಮವನ್ನು ತಿಳಿಸುವುದು ಸಂದೇಶವಾಹಕ ಆರ್‌ಎನ್‌ಎ. ವೈರಾಣುವಿನಲ್ಲಿ ಕ್ರಮವನ್ನು ತಿಳಿಸುವ ಬರಹವುಂಟು, ತನ್ನದೆಂಬ ರೈಬೋಸೋಮಿಲ್ಲ. ಇದಕ್ಕೆ ಪ್ರಬಲವಾದ ಪ್ರಮಾಣವನ್ನು ಸಿಡ್ನಿ ಬ್ರೆನ್ನರ್, ಫ್ರಾನ್ಸ್ವಾ ಜಾಕೋಬ್, ಮ್ಯಾಥ್ಯೂ ಮೆಸೆಲ್ಸನ್ ಎಂಬ ಮೂವರು 1961ರಲ್ಲಿ ಪ್ರಕಟಿಸಿದರು. ಭಾರವಾದ ಇಂಗಾಲ ಸಾರಜನಕಗಳುಳ್ಳ ಆಹಾರದಲ್ಲಿ ಬೆಳೆದ ಬ್ಯಾಕ್ಟೀರಿಯಗಳಿಗೆ ಟಿ4 ಎಂಬ ವೈರಾಣುವನ್ನು ಸೋಂಕಿಸಿ, ಒಡನೆಯೇ ಅವುಗಳನ್ನು ಹಗುರವಾದ ಆಹಾರಕ್ಕೆ ಸಾಗಿಸಿದರು. ಸೋಂಕಿನ ತರುವಾಯ ಹೊಸ ರೈಬೋಸೋಮುಗಳು ಹುಟ್ಟಿದ್ದರೆ ಅವು ಹಗುರವಾಗಿರಬೇಕಿತ್ತು. ಅಂಥವು ದೊರೆಯಲಿಲ್ಲ. ವೈರಾಣುವಿನ ಹೊಸ ಆರ್‌ಎನ್‌ಎಯು ಹಳೆಯ, ಭಾರವಾದ ರೈಬೋಸೋಮುಗಳನ್ನೇ ಸೇರಿಕೊಂಡಿತ್ತು.

ಇಲ್ಲಿ ಪೂರ್ವಪಕ್ಷವೊಂದುಂಟು. ಕಾರಕಗಳು ವಕ್ತೃವಿನ ವಿವಕ್ಷೆಗೆ ಅಧೀನವಾದುವು. ಕಡಿಯುವವನು ಬೇರೆಯಿದ್ದರೂ ‘ಕೊಡಲಿ ಕಡಿಯುತ್ತದೆ’ ಎನ್ನುವುದುಂಟು, ಸೇನೆ ಕಾದಿದರೂ ‘ಅರಸನು ಗೆದ್ದನು’ ಎನ್ನುವುದುಂಟು. ಅಂತೆಯೇ ರೈಬೋಸೋಮನ್ನು ಕರಣವೆಂದೆಣಿಸಿ ವೈರಾಣುವನ್ನೇ ಕರ್ತೃವೆನ್ನಬಾರದೇಕೆ? ಸಮಾಧಾನವಿದು: ಹಿಡಿಯುವ ಕೈಯಿಲ್ಲದೆ ಕೊಡಲಿಯು ಕಡಿಯದು, ರೈಬೋಸೋಮಾದರೋ ವೈರಾಣು ಬರುವುದಕ್ಕೆ ಮೊದಲೇ ಜೀವಕೋಶದ ಪ್ರೋಟೀನುಗಳನ್ನು ಪೋಣಿಸುತ್ತಲೇ ಇತ್ತು. ಸೇನೆಯು ಅರಸನದು, ರೈಬೋಸೋಮು ವೈರಾಣುವಿನದಲ್ಲ. ಅದನ್ನು ಉಪಾಯದಿಂದ ಒಲಿಸಿಕೊಳ್ಳಬೇಕು.

ಆ ಉಪಾಯಗಳು ನಾನಾ ಬಗೆ. ಮನುಷ್ಯನ ಜೀವಕೋಶದ ಸಂದೇಶಗಳ ಮೊದಲ ತುದಿಯಲ್ಲಿ ಟೋಪಿಯಂಥ ಒಂದು ರಾಸಾಯನಿಕ ಗುರುತಿರುತ್ತದೆ; ರೈಬೋಸೋಮನ್ನು ಅಲ್ಲಿಗೆ ಕರೆತರಲು ಇಐಎಫ್4ಜಿ ಎಂಬ ಪ್ರೋಟೀನು ನೆರವಾಗುತ್ತದೆ. ಪೋಲಿಯೋ ವೈರಾಣುವಿನ 2ಎ ಎಂಬ ಕಿಣ್ವವು ಇದನ್ನು ಕತ್ತರಿಸುವುದರಿಂದ ಜೀವಕೋಶದ ಸ್ವಂತ ಕಾರ್ಯವು ಬಹುಮಟ್ಟಿಗೆ ನಿಂತುಹೋಗುತ್ತದೆ. ವೈರಾಣುವಿನ ಆರ್‌ಎನ್‌ಎಗೆ ಟೋಪಿಯೇ ಬೇಕಿಲ್ಲ. ಅದರ ಒಳಗೇ ರೈಬೋಸೋಮಿಗೆ ಪ್ರವೇಶಸ್ಥಾನವಿದೆಯೆಂದು 1988ರಲ್ಲಿ ಪೆಲ್ಟಿಯರ್ ಮತ್ತು ಸೋನೆನ್‌ಬರ್ಗ್ ತೋರಿಸಿಕೊಟ್ಟರು. ಇನ್‌ಫ್ಲುಯೆಂಜಾ ವೈರಾಣುವಾದರೋ ಜೀವಕೋಶದ ಸಂದೇಶಗಳ ಟೋಪಿಯನ್ನೇ ಕೊಯ್ದು ತನ್ನ ಸಂದೇಶಗಳಿಗೆ ತೊಡಿಸುತ್ತದೆ. ಇವೆಲ್ಲವೂ ಪ್ರೇರಣೆಯ ಪ್ರಭೇದಗಳೇ ಹೊರತು ಪೋಣಿಸುವ ಕ್ರಿಯೆಯಲ್ಲ. ಪೋಣಿಸಿದ ಬಳಿಕ ಮಾತ್ರ ಬೇರೊಂದು ಕ್ರಿಯೆಯುಂಟು: ಪೋಲಿಯೋದ ಪ್ರೋಟೀನುಗಳು ಸುಮಾರು 2,200 ಅಮೈನೊ ಆಮ್ಲಗಳ ಒಂದೇ ಸರವಾಗಿ ಹೊರಬರುತ್ತವೆ; ಅದನ್ನು ತುಂಡರಿಸುವುವು ವೈರಾಣುವಿನವೇ ಆದ ಕಿಣ್ವಗಳು. ಈ ಛೇದನಕ್ರಿಯೆಯಲ್ಲಿ ವೈರಾಣುವಿಗೆ ಕರ್ತೃತ್ವವು ನ್ಯಾಯವಾಗಿಯೇ ಸಲ್ಲುತ್ತದೆ.

ಈ ವಿವೇಚನೆಯ ಪ್ರಯೋಜನವೇನೆಂದರೆ: ಟೆಟ್ರಾಸೈಕ್ಲಿನ್, ಎರಿತ್ರೋಮೈಸಿನ್ ಮೊದಲಾದ ಔಷಧಗಳು ಬ್ಯಾಕ್ಟೀರಿಯದ ರೈಬೋಸೋಮನ್ನು ಹಿಡಿದು ನಿಲ್ಲಿಸುತ್ತವೆ. ನೆಗಡಿಯನ್ನುಂಟುಮಾಡುವ ವೈರಾಣುವಿಗೆ ರೈಬೋಸೋಮೇ ಇಲ್ಲದಿರುವಾಗ ಅವು ಹಿಡಿಯುವುದಾದರೂ ಏನನ್ನು? ಅದು ದುಡಿಸಿಕೊಳ್ಳುವ ರೈಬೋಸೋಮು ರೋಗಿಯದೇ. ಅದನ್ನು ನಿಲ್ಲಿಸಿದರೆ ಕೆಡುವುದು ರೋಗಿಯ ದೇಹವೇ. ಬ್ಯಾಕ್ಟೀರಿಯವೂ ‘ಮಾಡುತ್ತದೆ’, ವೈರಾಣುವೂ ‘ಮಾಡುತ್ತದೆ’ ಎಂದು ಒಂದೇ ಕ್ರಿಯಾಪದದಿಂದ ಹೇಳಿದರೆ ಓದುಗನಿಗೆ ಈ ಭೇದವು ತೋರುವುದೆಂತು? ಭೇದವನ್ನರಿಯದವನು ನೆಗಡಿಗೂ ಅದೇ ಗುಳಿಗೆಗಳನ್ನು ಕೇಳುತ್ತಾನೆ. ನೆಗಡಿ ಗುಣವಾಗದು, ಬ್ಯಾಕ್ಟೀರಿಯಗಳು ಮಾತ್ರ ಆ ಔಷಧಕ್ಕೆ ಬಗ್ಗದಂತಾಗುತ್ತವೆ. ಇದಕ್ಕೆ ಪ್ರತಿಯಾಗಿ, ವೈರಾಣುವು ಸ್ವತಂತ್ರವಾಗಿರುವ ಛೇದನಕ್ರಿಯೆಯಲ್ಲಿ ಔಷಧಕ್ಕೆ ಎಡೆ ದೊರೆತಿದೆ. ಎಚ್‌ಐವಿಯ ಛೇದಕ ಕಿಣ್ವವನ್ನು ತಡೆಯುವ ಸಕ್ವಿನಾವಿರ್ 1995ರಲ್ಲಿ, ಕೊರೋನಾ ವೈರಾಣುವಿನ ಅಂಥದೇ ಕಿಣ್ವವನ್ನು ತಡೆಯುವ ನಿರ್ಮಾಟ್ರೆಲ್ವಿರ್ 2021ರಲ್ಲಿ ಬಳಕೆಗೆ ಬಂದುವು.

ವೈರಾಣುವೆಂಬ ಹೆಸರೂ ಈ ಭ್ರಾಂತಿಗೆ ಕೊಂಚ ಕಾರಣವಾಗಿದೆ. ಲ್ಯಾಟಿನ್ನಿನ ವೈರಸ್ ಶಬ್ದಕ್ಕೆ ವಿಷವೆಂದರ್ಥ. ಕನ್ನಡದ ರೂಪವು ಧ್ವನಿಸಾಮ್ಯದಿಂದ ‘ವೈರ’ವನ್ನು ಸ್ಮರಣೆಗೆ ತಂದು, ಇಲ್ಲದ ಸಂಕಲ್ಪವನ್ನು ಅದರಲ್ಲಿ ಆರೋಪಿಸುತ್ತದೆ. ಆದರೂ ಹೆಸರು ರೂಢವಾಗಿದೆ. ಅದನ್ನು ಬದಲಿಸುವ ಶ್ರಮ ವ್ಯರ್ಥ. ಕ್ರಿಯಾಪದವನ್ನು ತಿದ್ದುವುದು ಸುಲಭ. ಯಜಮಾನನು ಮನೆ ಕಟ್ಟಿಸಿದನು, ಗಾರೆಯವನು ಕಟ್ಟಿದನು ಎಂಬ ಭೇದವನ್ನು ಹಳ್ಳಿಯವರೂ ಮಾತಿನಲ್ಲಿ ತಪ್ಪದೆ ಪಾಲಿಸುತ್ತಾರೆ. ಇಸು ಎಂಬ ಪ್ರತ್ಯಯವು ಕನ್ನಡದಲ್ಲಿ ಇದಕ್ಕಾಗಿಯೇ ಸಿದ್ಧವಾಗಿರುವಾಗ ಶಾಸ್ತ್ರಗ್ರಂಥಕಾರರು ಅದನ್ನು ಬಿಡಲು ಕಾರಣವಿಲ್ಲ. ‘ವೈರಾಣುವು ಜೀವಕೋಶದ ರೈಬೋಸೋಮುಗಳಿಂದ ತನ್ನ ಪ್ರೋಟೀನುಗಳನ್ನು ಮಾಡಿಸಿಕೊಳ್ಳುತ್ತದೆ’ ಎಂಬುದೇ ಸಾಧುವಾದ ವಾಕ್ಯ.